ನಿಯಮ, ಅಪವಾದ ಮತ್ತು ಎರಡು ಬಗೆಯ ‘ಇಲ್ಲ’

ಈ ಶಾಲೆಯ ವ್ಯಾಕರಣದ ತರಗತಿಯಲ್ಲಿ ನಾವು ಸಂಧಿ ಕಲಿತೆವು. ‘ಊರು’ ಮತ್ತು ‘ಅಲ್ಲಿ’ ಸೇರಿದರೆ ‘ಊರಲ್ಲಿ’. ಆದರೆ ‘ಅಯ್ಯೋ ಇದೇನು’ ಎಂಬಲ್ಲಿ ಸ್ವರದ ಮುಂದೆ ಸ್ವರ ಬಂದರೂ ಸಂಧಿಯಾಗದು, ಅದು ಪ್ರಕೃತಿಭಾವ. ಸಾಮಾನ್ಯ ನಿಯಮವನ್ನು ಸಂಸ್ಕೃತ ವೈಯಾಕರಣರು ಉತ್ಸರ್ಗವೆಂದೂ, ಅದನ್ನು ತಡೆಯುವ ವಿಶೇಷ ನಿಯಮವನ್ನು ಅಪವಾದವೆಂದೂ ಕರೆದರು. ಇದೇ ಪ್ರಶ್ನೆ ಕಂಪ್ಯೂಟರ್ ವಿಜ್ಞಾನಿಗಳನ್ನೂ ಕಾಡಿದೆ ಎಂಬುದು ನನಗೆ ತಿಳಿದದ್ದು ಬಿ.ಇ. ಓದುವಾಗ.

1972ರಲ್ಲಿ ಫ್ರಾನ್ಸಿನ ಮಾರ್ಸೆ ನಗರದಲ್ಲಿ ಅಲೆನ್ ಕೋಲ್ಮೆರೋಯರ್ ಮತ್ತು ಫಿಲಿಪ್ ರೂಸೆಲ್ ಅವರು ಪ್ರೊಲಾಗ್ ಭಾಷೆಯನ್ನು ರೂಪಿಸಿದರು. ಅದರಲ್ಲಿ ನಾವು ಸಂಗತಿಗಳನ್ನೂ ನಿಯಮಗಳನ್ನೂ ಬರೆದಿಟ್ಟರೆ ಉತ್ತರವನ್ನು ಯಂತ್ರವೇ ಹುಡುಕುತ್ತದೆ. ‘ಹಕ್ಕಿಗಳು ಹಾರುತ್ತವೆ’ ಎಂದಷ್ಟೇ ಬರೆದರೆ ಪೆಂಗ್ವಿನ್ ಕೂಡ ಹಾರುತ್ತದೆ ಎಂದುಬಿಡುತ್ತದೆ! ಆದ್ದರಿಂದ ‘ಅಪವಾದವೆಂದು ತೋರದಿದ್ದರೆ ಹಾರುತ್ತದೆ’ ಎಂದು ಬರೆಯಬೇಕು. ಸಾಧಿಸಲು ಹೋಗಿ ಸಿಗದಿದ್ದುದನ್ನು ‘ಇಲ್ಲ’ ಎಂದು ಹಿಡಿಯುವ ಈ ಕ್ರಮಕ್ಕೆ 1978ರಲ್ಲಿ ಕೀತ್ ಕ್ಲಾರ್ಕ್ ತಾರ್ಕಿಕ ವಿವರಣೆ ಕೊಟ್ಟರು. ಹೊಸ ಸಂಗತಿ ತಿಳಿದರೆ ಹಳೆಯ ತೀರ್ಮಾನವನ್ನು ಹಿಂತೆಗೆದುಕೊಳ್ಳಬಹುದು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡವೊಂದು ಬ್ರಿಟನ್ನಿನ 1981ರ ಪೌರತ್ವ ಕಾಯ್ದೆಯನ್ನು ಇಂಥ ನಿಯಮಗಳಾಗಿ ಬರೆದು, 1986ರಲ್ಲಿ ಲೇಖನ ಪ್ರಕಟಿಸಿತು. ಆ ದೇಶದಲ್ಲಿ ಯಾರೋ ಬಿಟ್ಟುಹೋದ ನವಜಾತ ಶಿಶು ಸಿಕ್ಕರೆ, ಬೇರೆಯೆಂದು ತೋರದ ಹೊರತು ಅದು ಅಲ್ಲೇ ಹುಟ್ಟಿದ್ದೆಂದೂ ಪೌರತ್ವಕ್ಕೆ ಅರ್ಹವೆಂದೂ ಆ ಕಾಯ್ದೆ ಪರಿಗಣಿಸುತ್ತದೆ. ಇಲ್ಲಿ ‘ಗೊತ್ತಿಲ್ಲ’ ಎಂಬುದೇ ಮಗುವಿಗೆ ರಕ್ಷಣೆ.

ಆದರೆ ‘ಗೊತ್ತಿಲ್ಲ’ ಎಂಬುದನ್ನು ಎಲ್ಲೆಡೆ ನಂಬಲಾಗದು. ಶಾಲಾ ಬಸ್ಸು ರೈಲು ಹಳಿ ದಾಟಬೇಕಿದೆ. ‘ರೈಲು ಬರುತ್ತಿರುವುದು ಗೊತ್ತಿಲ್ಲ’ ಎಂದರೆ ಸಾಲದು. ‘ರೈಲು ಬರುತ್ತಿಲ್ಲ ಎಂದು ಗೊತ್ತು’ ಎಂದಾಗಬೇಕು. ಮೈಕೆಲ್ ಗೆಲ್ಫಾಂಡ್ ಮತ್ತು ವ್ಲಾದಿಮಿರ್ ಲಿಫ್‌ಶಿಟ್ಸ್ 1991ರ ಲೇಖನದಲ್ಲಿ ಈ ಉದಾಹರಣೆ ಕೊಟ್ಟು, ಎರಡು ಬಗೆಯ ‘ಇಲ್ಲ’ಗಳನ್ನು ಪ್ರೋಗ್ರಾಮಿನಲ್ಲಿ ಬೇರೆ ಬೇರೆಯಾಗಿ ಬರೆಯುವ ದಾರಿ ತೋರಿಸಿದರು.

ಇಂದು ವಿದ್ಯಾರ್ಥಿವೇತನ, ಪಿಂಚಣಿಗಳ ಅರ್ಜಿಯೂ ಕಂಪ್ಯೂಟರಿಗೆ ಹೋಗುತ್ತದೆ. ಪಟ್ಟಿಯಲ್ಲಿ ಹೆಸರು ಕಾಣದಿದ್ದಾಗ ‘ಅರ್ಹರಲ್ಲ’ ಎನ್ನಬೇಕೋ, ‘ತಿಳಿದಿಲ್ಲ, ವಿಚಾರಿಸಿ’ ಎನ್ನಬೇಕೋ ಎಂಬುದನ್ನು ಪ್ರೋಗ್ರಾಂ ಬರೆಯುವ ನನ್ನಂಥವರು ಮೊದಲೇ ಯೋಚಿಸಬೇಕು. ಬಡ ಕುಟುಂಬಕ್ಕೆ ಈ ಎರಡು ಮಾತಿನ ನಡುವಿನ ಅಂತರ ಬಹಳ ದೊಡ್ಡದು. ಸಂಧಿಯ ಜೊತೆಗೆ ಪ್ರಕೃತಿಭಾವವನ್ನೂ ಬಿಡದೆ ಕಲಿಸಿದ ನಮ್ಮ ಕನ್ನಡ ಮೇಷ್ಟ್ರಿಗೆ ನಾನು ಋಣಿ.