ದಂಡನೆ: ಕನಕಗಿರಿ ಸೀಮೆಯ ಇತಿಹಾಸದಲ್ಲಿ

ದಂಡನೆ: ತಪ್ಪು ಮಾಡಿದವನಿಗೆ ಅರಸು, ಊರು, ಕುಲ ಅಥವಾ ನ್ಯಾಯಾಲಯ ವಿಧಿಸುವ ಶಿಕ್ಷೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಆಡುಮಾತಿನಲ್ಲಿ ದಂಡ ಎಂದರೆ ಮೊದಲು ಹಣವೇ. 'ದಂಡ ಹಾಕಿದರು', 'ದಂಡ ಕಟ್ಟಿದ', 'ದೈವ ಕೂಡಿಸಿ ತಪ್ಪುದಂಡ ತಗೊಂಡರು' ಎನ್ನುವಲ್ಲಿ ದೈವವೆಂದರೆ ಗುಡಿಯ ದೇವರಲ್ಲ, ಕಟ್ಟೆಯ ಮೇಲೆ ಕೂಡಿದ ಊರ ಹಿರಿಯರು.

ಈ ನೆಲದ ಅತಿ ಹಳೆಯ ಬರಹಗಳಾದ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳಲ್ಲಿ ದಂಡದ ಮಾತಿಲ್ಲ. ಅದು ಸ್ಪಷ್ಟವಾಗಿ ಕಾಣುವುದು ನೆರೆಯ ಲಕ್ಷ್ಮೇಶ್ವರದಲ್ಲಿ. ಸುಮಾರು 725ರಲ್ಲಿ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ (ಇದೇ ಲಕ್ಷ್ಮೇಶ್ವರ) ಮಹಾಜನ, ನಗರವೆಂಬ ವರ್ತಕರ ಕೂಟ ಮತ್ತು ಹದಿನೆಂಟು ಪ್ರಕೃತಿಗಳಿಗೆ (ಸಮುದಾಯಗಳಿಗೆ) ಹಾಕಿಕೊಟ್ಟ ಆಚಾರವ್ಯವಸ್ಥೆಯಲ್ಲಿ ತೆರಿಗೆಗಳ ಜೊತೆಗೇ ಕಳವು ಮತ್ತು ದಶಾಪರಾಧಗಳ (ಹತ್ತು ಬಗೆಯ ಅಪರಾಧಗಳ) ದಂಡವೂ ಸೇರಿದೆ. ರಾಷ್ಟ್ರಕೂಟರ ದಾನಪತ್ರಗಳಲ್ಲಿ ಊರನ್ನು ಕೊಡುವಾಗ ದಶಾಪರಾಧ ದಂಡದ ಸಮೇತ ಕೊಡುವುದು ವಾಡಿಕೆಯಾಗಿತ್ತು. ದಂಡವನ್ನು ನೀತಿಯ ಮಾತಾಗಿಯಷ್ಟೇ ಓದಿದರೆ ಅರ್ಧ ಸಂಗತಿ ಕೈತಪ್ಪುತ್ತದೆ. ಅದು ಆದಾಯ, ದಾನ ಕೊಡಬಹುದಾದ, ಮಕ್ಕಳಿಗೆ ಬಿಟ್ಟುಹೋಗಬಹುದಾದ ಆಸ್ತಿ.

ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ (1076–1126) ವಿಜ್ಞಾನೇಶ್ವರನು ತನ್ನ 'ಮಿತಾಕ್ಷರಾ'ದಲ್ಲಿ ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿ ನಾಲ್ಕು ದಂಡಗಳನ್ನು ಹೇಳುತ್ತದೆ: ಧಿಗ್ದಂಡ (ಛೀಮಾರಿ), ವಾಗ್ದಂಡ (ಕಟುಮಾತು), ಧನದಂಡ, ವಧೆ. ಸಾಹಸವೆಂಬ ದಂಡದ ಮೂರು ಮಟ್ಟಗಳಲ್ಲಿ ಉತ್ತಮಕ್ಕೆ 1,080 ಪಣ, ಮಧ್ಯಮಕ್ಕೆ ಅದರರ್ಧ, ಅಧಮಕ್ಕೆ ಅದರಲ್ಲೂ ಅರ್ಧ.

ವಧೆಯ ವಿಷಯಕ್ಕೆ ಬಂದರೆ ಗಂಗಾವತಿ ಸೀಮೆಯ ಕುಮ್ಮಟದುರ್ಗವನ್ನು ದಾಟಿ ಹೋಗುವಂತಿಲ್ಲ. ದೆಹಲಿಯ ಮಹಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಷಾಸ್ಪನಿಗೆ ಇಲ್ಲಿನ ಅರಸ ಕಂಪಿಲರಾಯ ಆಶ್ರಯ ಕೊಟ್ಟ. 1327ರ ಸುಮಾರಿಗೆ ಸುಲ್ತಾನನ ಸೈನ್ಯ ಬಂದು ರಾಜ್ಯವೇ ಅಳಿಯಿತು. ಹೊಯ್ಸಳ ಬಲ್ಲಾಳನ ಬಳಿಗೆ ಓಡಿದ ಗುರ್ಷಾಸ್ಪನನ್ನು ಬಲ್ಲಾಳ ಹಿಡಿದೊಪ್ಪಿಸಿದ. ಮುಂದಿನದನ್ನು ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ: ಜೀವಂತ ಚರ್ಮ ಸುಲಿಸಿ, ಮಾಂಸವನ್ನು ಅಕ್ಕಿಯೊಡನೆ ಬೇಯಿಸಿ ಹೆಂಡತಿ ಮಕ್ಕಳಿಗೆ ಕಳಿಸಿದರು, ಉಳಿದದ್ದನ್ನು ಆನೆಗೆ ಹಾಕಿದರೆ ಆನೆ ಮುಟ್ಟಲಿಲ್ಲ, ಹುಲ್ಲು ತುಂಬಿದ ಚರ್ಮವನ್ನು ನಾಡಿನಲ್ಲೆಲ್ಲ ಮೆರೆಸಿದರು. ಇದೇ ಕೋಟೆಯ ಜನರ ನೆನಪು ಮಾತ್ರ ಬೇರೊಂದು ದಂಡನೆಯನ್ನು ಹಿಡಿದುಕೊಂಡಿದೆ. ಕಂಪಿಲನ ಮಗ ಗಂಡುಗಲಿ ಕುಮಾರರಾಮನ ಮೇಲೆ ಮಲತಾಯಿ ರತ್ನಾಜಿ ಸುಳ್ಳು ದೂರು ಹೊರಿಸುತ್ತಾಳೆ, ತಂದೆ ವಿಚಾರಿಸದೆ ತಲೆ ಹೊಡೆಸಲು ಹೇಳುತ್ತಾನೆ, ಮಂತ್ರಿ ಬೈಚಪ್ಪ ಬೇರೊಂದು ತಲೆ ತೋರಿಸಿ ರಾಮನನ್ನು ಅಡಗಿಸಿಡುತ್ತಾನೆ. ದಂಡನೆ ತಪ್ಪಿಸಿದವನನ್ನು ಜಾಣನೆಂದು ಹಾಡಿದ ಸೀಮೆ ಇದು.

ವಿಜಯನಗರದಲ್ಲಿ ದಂಡನೆ ಅಂತಸ್ತನ್ನು ನೋಡಿ ಬೀಳುತ್ತಿತ್ತು. 1530ರ ದಶಕದ ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುವಂತೆ, ಕಳವು ಎಷ್ಟೇ ಸಣ್ಣದಿರಲಿ ಕಳ್ಳನ ಒಂದು ಕೈ, ಒಂದು ಕಾಲು ಕತ್ತರಿಸುತ್ತಿದ್ದರು; ಕಳವು ದೊಡ್ಡದಾದರೆ ಗದ್ದಕ್ಕೆ ಕೊಕ್ಕೆ ಸಿಕ್ಕಿಸಿ ತೂಗುಹಾಕುತ್ತಿದ್ದರು. ದ್ರೋಹ ಬಗೆದ ದೊಡ್ಡವರಿಗೆ ಶೂಲ, ಸಾಮಾನ್ಯರಿಗೆ ಸಂತೆಬೀದಿಯಲ್ಲಿ ಶಿರಚ್ಛೇದ. ಕನಕಾಚಲಪತಿ ದೇವರ ಊರಾದ ಕನಕಗಿರಿಯನ್ನು ಆಳಿದ ಗುಜ್ಜಲ ನಾಯಕರು ಈ ವ್ಯವಸ್ಥೆಯ ನೆರಳಲ್ಲಿ ಬೆಳೆದವರು.

ಹೈದರಾಬಾದಿನ ನಿಜಾಮರ ಕಾಲದಲ್ಲಿ ದೊಡ್ಡ ಜಾಗೀರುಗಳಿಗೆ ತಮ್ಮದೇ ಪೊಲೀಸು, ತಮ್ಮದೇ ಕಚೇರಿಗಳಿದ್ದವು. ಕೊಪ್ಪಳ, ಯಲಬುರ್ಗಾಗಳು ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗರ ಮನೆತನದ ಜಾಗೀರಿಗೆ ಸೇರಿದ್ದವು. 1949ರಲ್ಲಿ ಜಾಗೀರು ಹೋದವು. 1951ರಲ್ಲಿ ಭಾರತೀಯ ದಂಡ ಸಂಹಿತೆ ಹೈದರಾಬಾದ್ ರಾಜ್ಯಕ್ಕೂ ಅನ್ವಯವಾಯಿತು. ಅಂದಿನಿಂದ ದಂಡ ಹಾಕುವ ಅಧಿಕಾರ ಕಾನೂನು ಕೊಟ್ಟವರಿಗೆ ಮಾತ್ರ. ಕಾಗದದ ಮೇಲೆ.

ಕಟ್ಟೆಯ ದಂಡ ನಿಲ್ಲಲಿಲ್ಲ. 2021ರ ಸೆಪ್ಟೆಂಬರ್ 4ರಂದು ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಎರಡು ವರ್ಷದ ಮಗು ಹನುಮಪ್ಪನ ಗುಡಿಯೊಳಗೆ ಓಡಿಹೋಯಿತು. ವಾರದ ಬಳಿಕ ಸಭೆ ಕೂಡಿದ ಕೆಲವರು ಶುದ್ಧಿಯ ಹೆಸರಿನಲ್ಲಿ 25,000 ರೂಪಾಯಿ ಕೇಳಿದರು. ಸುದ್ದಿ ಹೊರಬಿದ್ದು ಪ್ರಕರಣ ದಾಖಲಾಯಿತು, ಐವರ ಬಂಧನವಾಯಿತು. ಎರಡು ವರ್ಷದ ಮಗುವಿಗೆ ಯಾವ ಸ್ಮೃತಿಯ ಲೆಕ್ಕದಲ್ಲಿ ಅಪರಾಧ ಹೊರಿಸಿದರೋ, ಕೇಳಿದ ಮೊತ್ತ ಮಾತ್ರ ಬಡವರ ಮನೆ ಮುರಿಯುವಷ್ಟಿತ್ತು.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಂಡ ಕೇಳುವ ಗೋಜಿಗೂ ಹೋಗದೆ, 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿಯಿಟ್ಟರು. ಅಲ್ಲಿ ಕ್ಷೌರದಂಗಡಿ, ಹೋಟೆಲುಗಳಿಗೆ ದಲಿತರನ್ನು ಬಿಟ್ಟುಕೊಳ್ಳದಿದ್ದುದರ ಸುತ್ತ ಜಗಳ ಹೊಗೆಯಾಡುತ್ತಿತ್ತು. ಹತ್ತು ವರ್ಷದ ವಿಚಾರಣೆಯ ನಂತರ, 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ, ತಲಾ 5,000 ರೂಪಾಯಿ ದಂಡ ವಿಧಿಸಿತು. ಇನ್ನು ಮೂವರಿಗೆ ಐದು ವರ್ಷ ಸೆರೆ. ಅವರೂ ಪರಿಶಿಷ್ಟರೇ ಆದ್ದರಿಂದ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಅವರಿಗೆ ತಾಗಲಿಲ್ಲ. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ 97 ಮಂದಿಗೆ ಜಾಮೀನು ಕೊಟ್ಟಿತು.