ಎದೆಯ ಮೇಲಿನ ಮಾಲ್ಗುಡಿ

ಒಂದು ಕಾಲದಲ್ಲಿ ಕನ್ನಡ ಸಿನಿಮಾಗಳು ಹೆಚ್ಚಾಗಿ ತಯಾರಾಗುತ್ತಿದ್ದದ್ದು ಮದರಾಸಿನಲ್ಲಿ ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ರಾಜ್‌ಕುಮಾರ್ ಅವರ ಸಂಸಾರ ಇಲ್ಲೇ ಇತ್ತು. ಪುನೀತ್ ಹುಟ್ಟಿದ್ದು 1975ರಲ್ಲಿ, ಇದೇ ಊರಲ್ಲಿ. ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೊಗಳಲ್ಲಿ ಕಟ್ಟಿದ ತೊಟ್ಟಿಮನೆಗಳನ್ನು ನೋಡಿ ನಾವು ನಮ್ಮೂರೆಂದು ಕಣ್ಣೀರು ಹಾಕಿದವರು. 1980ರ ದಶಕದಲ್ಲಿ ಇದು ತಿರುವುಮುರುವಾಯಿತು. ಮದರಾಸಿನ ಪುರಸವಾಕ್ಕಂನಲ್ಲಿ 1906ರಲ್ಲಿ ಹುಟ್ಟಿದ, ಮನೆಯಲ್ಲಿ ತಮಿಳಾಡುತ್ತಿದ್ದ ಲೇಖಕರೊಬ್ಬರು ಇಂಗ್ಲಿಷಿನಲ್ಲಿ ಕಲ್ಪಿಸಿದ ಊರನ್ನು ಶಂಕರ್‌ನಾಗ್ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ತಂದಿಳಿಸಿದರು. ಆ ಊರು ಯಾರದು ಎಂಬ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಅದು ನನಗೆ ಗೊತ್ತಾದದ್ದು ಒಂದು ಟೀ ಶರ್ಟಿನಿಂದ.

ಶರ್ಟು ನನ್ನ ಮೊಮ್ಮಗನದು. ಬೆಂಗಳೂರಿನಿಂದ ಬಂದ ನೆಂಟರು ತಂದುಕೊಟ್ಟದ್ದು. ಹಳದಿ ರೈಲ್ವೆ ಬೋರ್ಡಿನ ಚಿತ್ರ, ಅದರ ಮುಂದೆ ಟೋಪಿ ಹಾಕಿದ ಹುಡುಗ, ಬೋರ್ಡಿನಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ 'ಮಾಲ್ಗುಡಿ'. ಕುತ್ತಿಗೆಯ ಒಳಗಿನ ಪಟ್ಟಿ ನೋಡಿದರೆ ತಿರುಪ್ಪೂರು. ಬಟ್ಟೆ ಇವರದು, ಅಕ್ಷರ ನಮ್ಮದು! ಅದನ್ನು ಹಾಕಿಕೊಂಡು ಹುಡುಗ ಕೆಳಗೆ ಆಡುತ್ತಿದ್ದಾಗ, ರೈಲ್ವೆಯಿಂದ ನಿವೃತ್ತರಾದ ನಮ್ಮ ಪಕ್ಕದ ಮನೆಯವರು ಅಕ್ಷರದ ಅರ್ಥ ಕೇಳಿ ತಿಳಿದುಕೊಂಡು ಸೀದಾ ನನ್ನ ಹತ್ತಿರ ಬಂದರು. "ಏನ್ ಸಾರ್, ಕಾವೇರಿ ಆಯ್ತು, ಈಗ ಮಾಲ್ಗುಡೀನೂ ಬೇಕಾ ನಿಮಗೆ?"

ತಮಾಷೆಗೇ ಅಂದದ್ದು. ಆದರೂ ಆ ಸಂಜೆ ನಾವಿಬ್ಬರೂ ವಕೀಲರಂತೆ ಕೂತೆವು. ಅವರ ವಾದ: 'ಕುಡಿ' ಅಂದರೆ ತಮಿಳಿನಲ್ಲಿ ಜನವಸತಿ. ಕಾರೈಕುಡಿ, ಮನ್ನಾರ್‌ಗುಡಿ, ತಿರುಚಿನಾಪಳ್ಳಿ ಪಕ್ಕದ ಲಾಲ್ಗುಡಿ ಇರುವ ಹಾಗೆ ಮಾಲ್ಗುಡಿ. ನನ್ನ ವಾದ: ಗುಡಿ ಅಂದರೆ ದೇವಸ್ಥಾನ, ಬಸವನಗುಡಿ ಇಲ್ಲವೇ? ಮಲ್ಲೇಶ್ವರ, ಬಸವನಗುಡಿ ಎರಡೂ ಸೇರಿ ಮಾಲ್ಗುಡಿ ಆಯಿತು ಎಂದು ಬೆಂಗಳೂರಿನವರು ಹೇಳಿಕೊಂಡು ತಿರುಗುತ್ತಾರೆ. ಅದು ಕೇಳುವುದಕ್ಕೆ ಚೆಂದ, ಆದರೆ ಆಧಾರ ಸಾಲದು. ಆರ್.ಕೆ. ನಾರಾಯಣ್ ತಾವೇ ಬರೆದುಕೊಂಡಿರುವಂತೆ, 1930ರ ವಿಜಯದಶಮಿಯ ದಿನ ಬೆಂಗಳೂರಿನಲ್ಲಿ ಅವರು ಬರೆಯಲು ಕುಳಿತರು, ಮೊದಲು ಕಣ್ಣಿಗೆ ಬಂದದ್ದು ಒಂದು ರೈಲ್ವೆ ಸ್ಟೇಷನ್, ಹೆಸರು ತಾನಾಗಿ ಬಂತು. ಅಂದರೆ ಊರಿಗಿಂತ ಸ್ಟೇಷನ್ ಮೊದಲು. ಇದನ್ನು ಹೇಳಿದಾಗ ಪಕ್ಕದ ಮನೆಯವರಿಗೆ ಆದ ಸಂತೋಷ ನೋಡಬೇಕಿತ್ತು.

ನ್ಯಾಯವಾಗಿ ಹೇಳಬೇಕೆಂದರೆ ಪುಸ್ತಕದ ಮಟ್ಟಿಗೆ ಅವರ ಪಕ್ಷವೇ ಗಟ್ಟಿ. ಆ ಕಥೆಗಳ ಜನ ಓಡಾಡುವುದು ಮದರಾಸು, ತಿರುಚಿನಾಪಳ್ಳಿ ಕಡೆಗೆ. ಕಲೆಕ್ಟರು, ಕಚೇರಿ ಎಲ್ಲ ಮದರಾಸು ಪ್ರಾಂತ್ಯದ್ದೇ, ಮಹಾರಾಜರ ಸುದ್ದಿಯಿಲ್ಲ. ಆದರೆ ನಾರಾಯಣ್ ಅವರ ತಂದೆ ಮೈಸೂರಿನಲ್ಲಿ ಹೆಡ್‌ಮಾಸ್ಟರಾಗಿದ್ದರು. ಅವರು ಓದಿದ್ದು, ಬಹುಕಾಲ ಬರೆದದ್ದು ಮೈಸೂರಿನಲ್ಲಿ. ಕೊನೆಗಾಲದಲ್ಲಿ ಮತ್ತೆ ಚೆನ್ನೈಗೆ ಬಂದು, 2001ರ ಮೇ 13ರಂದು ಇಲ್ಲೇ ತೀರಿಕೊಂಡರು. ಅವರ ಮಾಲ್ಗುಡಿಯನ್ನು ಮೊದಲು ಎತ್ತಿಕೊಂಡು ಹೋದವರು ಕನ್ನಡಿಗರೂ ಅಲ್ಲ. 1965ರ 'ಗೈಡ್' ಹಿಂದಿ ಚಿತ್ರದವರು ಅದನ್ನು ಉದಯಪುರ, ಜೈಪುರಕ್ಕೆ ಸಾಗಿಸಿದ್ದರು. ಅದರ ಬಗ್ಗೆ ನಾರಾಯಣ್ ಬೇಸರದಿಂದ ಒಂದು ಲೇಖನವನ್ನೇ ಬರೆದರು.

ಆದರೆ ಶರ್ಟಿನ ಮೇಲಿರುವುದು ಪುಸ್ತಕದ ಮಾಲ್ಗುಡಿ ಅಲ್ಲ, ಟೀವಿಯ ಮಾಲ್ಗುಡಿ. ಅಲ್ಲಿ ನಮ್ಮ ಕೈ ಮೇಲು. ನಿರ್ಮಾಪಕ ಟಿ.ಎಸ್. ನರಸಿಂಹನ್, ನಿರ್ದೇಶಕ ಶಂಕರ್‌ನಾಗ್. ಆಗುಂಬೆಯ ಬೀದಿಯನ್ನು 1930ರ ದಶಕದ ಊರಾಗಿ ಮಾಡಿದವರು ಕಲಾ ನಿರ್ದೇಶಕ ಜಾನ್ ದೇವರಾಜ್. ಅಲ್ಲಿನ ದೊಡ್ಡಮನೆಯೇ ಸ್ವಾಮಿಯ ಮನೆ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಮಿಠಾಯಿ ಅಂಗಡಿಯ ಜಗನ್ ಆಗಿ ಅನಂತ್‌ನಾಗ್. ಮದರಾಸಿಗೆ ಹೋಗದೆ ಧ್ವನಿಮುದ್ರಣ ಮಾಡಬೇಕೆಂದು ಬೆಂಗಳೂರಿನಲ್ಲಿ 'ಸಂಕೇತ್' ಸ್ಟುಡಿಯೊ ಕಟ್ಟಿದ ಅಣ್ಣತಮ್ಮಂದಿರು ಅವರು. ಹಾಗಿದ್ದೂ ಸಂಗೀತಕ್ಕೆ ಮದರಾಸೇ ಬೇಕಾಯಿತು! ಆ ಮಾತಿಲ್ಲದ ಶೀರ್ಷಿಕೆ ರಾಗ ಎಲ್. ವೈದ್ಯನಾಥನ್ ಅವರದು. ಗೆರೆಚಿತ್ರಗಳು ನಾರಾಯಣ್ ಅವರ ತಮ್ಮ ಲಕ್ಷ್ಮಣ್ ಅವರವು.

ಧಾರಾವಾಹಿ ದೂರದರ್ಶನದಲ್ಲಿ ಬರತೊಡಗಿದ್ದು 1986-87ರ ಹೊತ್ತಿಗೆ. ನಾನು ಬ್ಯಾಂಕಿನ ಕೆಲಸಕ್ಕೆ ಮದರಾಸಿಗೆ ಬಂದದ್ದೂ ಆಗಲೇ. ತಾಂಬರಂನಲ್ಲಿ ಬಾಡಿಗೆ ಕೋಣೆ, ಬೀಚ್ ಸ್ಟೇಷನ್ನಿಗೆ ಮೀಟರ್ ಗೇಜ್ ವಿದ್ಯುತ್ ರೈಲು. 1931ರಲ್ಲಿ ಶುರುವಾದ ಆ ಗಾಡಿ 2004ರ ಜುಲೈ 1ರಂದು ನಿಂತುಹೋಯಿತು. ಆಗ ಇಲ್ಲಿ ಟೀವಿಯಲ್ಲಿ ಕನ್ನಡ ಕೇಳುವುದೆಂದರೆ ಅಪರೂಪ. 1986ರ ಕೊನೆಯಲ್ಲಂತೂ ಇಲ್ಲಿ ಹಿಂದಿ ವಿರೋಧಿ ಚಳವಳಿ ಮತ್ತೆ ಎದ್ದಿತ್ತು. ಡಿಎಂಕೆಯ ಹತ್ತು ಶಾಸಕರು ಅದರಲ್ಲಿ ಸ್ಥಾನ ಕಳೆದುಕೊಂಡರು. ಅಂಥ ಊರಿನಲ್ಲಿ ಹಿಂದಿ ಧಾರಾವಾಹಿಯೊಂದನ್ನು ಮನೆಯೊಡೆಯರ ಸಂಸಾರ ಕೂತು ನೋಡುತ್ತಿತ್ತು, ಬಾಗಿಲ ಹತ್ತಿರ ನಾನು. ಅವರಿಗೆ ಹಿಂದಿ ಬಾರದು, ನನಗೆ ಅರೆಬರೆ. ಅವರು ನೋಡಿದ್ದು ತಮ್ಮ ಅಜ್ಜಿಯ ಊರನ್ನು. ನಾನು ನೋಡಿದ್ದು ಮಂಗಳೂರು ಹೆಂಚಿನ ಮಾಡು, ಮಳೆ, ಜಗಲಿ, ಅದಕ್ಕಿಂತ ಹೆಚ್ಚಾಗಿ ಮುಖಗಳನ್ನು. ನಮ್ಮವರ ಬಾಯಿ ಆಡುತ್ತಿತ್ತು, ನಮ್ಮ ಮಾತು ಬರುತ್ತಿರಲಿಲ್ಲ. ಮನೆ ಬಿಟ್ಟು ಬಂದವನಿಗೆ ಅದೊಂಥರಾ ಹಿಂಸೆ.

ಈ ವಿಷಯದಲ್ಲಿ ಸ್ಕಾಟ್‌ಲೆಂಡಿನವರು ಪುಣ್ಯವಂತರು. 'ಸ್ಟಿಲ್ ಗೇಮ್' ಎಂಬ ಅವರ ಹಾಸ್ಯ ಧಾರಾವಾಹಿ 2002ರಲ್ಲಿ ಶುರುವಾಗಿ 2019ರಲ್ಲಿ ಮುಗಿಯಿತು. ಗ್ಲಾಸ್ಗೋ ನಗರದ ಕ್ರೇಗ್‌ಲ್ಯಾಂಗ್ ಎಂಬ ಕಲ್ಪಿತ ಬಡಾವಣೆ, ನನ್ನಂಥ ಇಬ್ಬರು ಪಿಂಚಣಿದಾರರು. ಊರು ಕಲ್ಪಿತವಾದರೂ ಮಾತು ಮಾತ್ರ ಅಪ್ಪಟ ಗ್ಲಾಸ್ಗೋದ್ದು. ಅವರ ಜನವೂ ಅದರ ಟೀ ಶರ್ಟು ಹಾಕಿಕೊಳ್ಳುತ್ತಾರೆ. ಅದರ ಮೇಲೆ ಅಚ್ಚಾಗುವುದು ಪಾತ್ರಗಳು ನಿಜವಾಗಿ ಆಡಿದ ಮಾತು. ನಮ್ಮ ಶರ್ಟಿನ ಕನ್ನಡ ಆ ಮೂಲ ಧಾರಾವಾಹಿಯಲ್ಲಿ ಇರಲೇ ಇಲ್ಲ. ಅಭಿಮಾನಿಗಳು ಆಮೇಲೆ ಸೇರಿಸಿದ್ದು.

ಸೇರಿಸಿದ್ದು ತಪ್ಪೆಂದು ನಾನು ಹೇಳಲಾರೆ. ನನ್ನ ಕಷ್ಟ ಬೇರೆ. ಆ ಅಕ್ಷರವನ್ನು ಹೊತ್ತು ತಿರುಗುವ ಹುಡುಗನಿಗೆ ಅದನ್ನು ಓದಲು ಬರುವುದಿಲ್ಲ. 2006ರ ಕಾಯಿದೆಯಂತೆ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. ಇರುವ ನೆಲದ ಭಾಷೆ ಕಲಿಯಬೇಕಾದದ್ದೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಹೊಸೂರು ಕಡೆಯ ಕನ್ನಡಿಗರಿಗಾದರೆ ಕನ್ನಡ ಶಾಲೆಗಳಿವೆ, ಹೋರಾಡಲು ಜನರಿದ್ದಾರೆ. ತಾಂಬರಂನಲ್ಲಿ ಕನ್ನಡಕ್ಕೆ ಶಾಲೆಯೆಂದರೆ ನಮ್ಮ ಊಟದ ಮೇಜು. ಮೊಮ್ಮಗ ಕನ್ನಡ ಮಾತಾಡುತ್ತಾನೆ, "ತಾತ, ಊಟ ಆಯ್ತಾ" ಅನ್ನುತ್ತಾನೆ, ಬರೆದು ತೋರಿಸಿದರೆ ಕಕ್ಕಾಬಿಕ್ಕಿ. ಅವನ ಅಪ್ಪ ಕೂಡಿಸಿ ಕೂಡಿಸಿ ಓದುತ್ತಾನೆ. ಮೂರು ತಲೆಮಾರಿನಲ್ಲಿ ಹೀಗೆ ಅಕ್ಷರ ಇಳಿದು, ಕೊನೆಗೆ ಬಟ್ಟೆಯ ಮೇಲೆ ಉಳಿಯಿತು.

ಆ ಶರ್ಟನ್ನೇ ಪಾಠದ ಹಲಗೆ ಮಾಡಿಕೊಂಡೆ. ಕನ್ನಡಿಯ ಮುಂದೆ ನಿಂತರೆ ಅಕ್ಷರ ತಿರುಗುಮುರುಗು, ಹಾಗಾಗಿ ಕಳಚಿ ಮಂಚದ ಮೇಲೆ ಹರಡಿದೆವು. 'ಮಾ' ಬಂತು. 'ಲ್' ಒತ್ತು 'ಗು' ಜಗಳ ತೆಗೆಯಿತು. ತಮಿಳಿನಲ್ಲಿ ಒತ್ತಕ್ಷರದ ಈ ಗೋಜಿಲ್ಲ, ಮೇಲೊಂದು ಚುಕ್ಕೆ ಇಟ್ಟರೆ ಮುಗಿಯಿತು. ಕ, ಗ ಎರಡಕ್ಕೂ ಒಂದೇ ಅಕ್ಷರ. "ಒಂದೇ ಸಾಕಲ್ವಾ ತಾತ, ಯಾಕೆ ಇಷ್ಟೊಂದು?" ಅಂದ. ಪಕ್ಕದ ಮನೆಯವರು ಕೇಳಿಸಿಕೊಂಡಿದ್ದರೆ ಕೈ ಕುಲುಕುತ್ತಿದ್ದರು.

2020ರ ಲಾಕ್‌ಡೌನ್ ಕಾಲದಲ್ಲಿ 'ಮಾಲ್ಗುಡಿ ಡೇಸ್' ಕನ್ನಡಕ್ಕೆ ಡಬ್ ಆಗಿ ಜೀ ಕನ್ನಡದಲ್ಲಿ ಬಂತು. ಮೂವತ್ತಮೂರು ವರ್ಷದ ಮೇಲೆ ಆ ಮುಖಗಳ ಬಾಯಲ್ಲಿ ಕನ್ನಡ ಕೇಳಿದೆ. ಅಷ್ಟರಲ್ಲಿ ಶಂಕರ್‌ನಾಗ್ ಹೋಗಿ ಮೂವತ್ತು ವರ್ಷವಾಗಲು ಬಂದಿತ್ತು, ವೈಶಾಲಿ 2010ರಲ್ಲಿ, ಕಾರ್ನಾಡರು 2019ರಲ್ಲಿ ತೀರಿಕೊಂಡಿದ್ದರು. ಮಾತು ಕನ್ನಡದ್ದು, ದನಿ ಬೇರೆಯವರದು. ಮೊಮ್ಮಗನಿಗೆ ಅದೇನೂ ಅಡ್ಡಿಯಾಗಲಿಲ್ಲ, ಅವನು ಬಿದ್ದು ಬಿದ್ದು ನಕ್ಕ.

ಅದೇ ವರ್ಷದ ಆಗಸ್ಟಿನಲ್ಲಿ, ಚಿತ್ರೀಕರಣ ನಡೆದ ಅರಸಾಳು ಸ್ಟೇಷನ್ನಿನ ಹಳೆಯ ಕಟ್ಟಡವನ್ನು ರೈಲ್ವೆಯವರು ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದರು. ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿದೆ. ಆ ಮಾರ್ಗವೂ ಮೊದಲು ಮೀಟರ್ ಗೇಜ್, ಈಗ ಬ್ರಾಡ್ ಗೇಜ್. ಪಕ್ಕದ ಮನೆಯವರು ಆಗಲೇ ವೇಳಾಪಟ್ಟಿ ತೆಗೆದು ನೋಡಿದ್ದಾರೆ. ನಿವೃತ್ತರ ಪಾಸಿನಲ್ಲಿ ತಾವೂ ಬರುವುದಾಗಿ ಹೇಳಿದ್ದಾರೆ, ಬೋರ್ಡಿನಲ್ಲಿ ಏನು ಬರೆದಿದೆ ಎಂದು ಹುಡುಗನೇ ಓದಿ ಹೇಳಬೇಕಂತೆ.