ಕೊಚ್ಚಿಯ ಕೆಸರು, ಮೂರು ಸರ್ಕಾರಗಳ ಕರಾರು

ಎರ್ನಾಕುಲಂ ಮತ್ತು ಮಟ್ಟಾಂಚೇರಿಯ ನಡುವಿನ ಹಿನ್ನೀರಿನಲ್ಲಿ ವಿಲ್ಲಿಂಗ್ಡನ್ ಐಲ್ಯಾಂಡ್ ಇದೆ. ನೂರು ವರ್ಷ ಹಿಂದಿನ ನಕಾಶೆಯಲ್ಲಿ ಅದನ್ನು ಹುಡುಕಿದರೆ ಸಿಗುವುದು ವೆಂಡುರುತ್ತಿ ಎಂಬ ಸಣ್ಣ ನಡುಗಡ್ಡೆ ಮಾತ್ರ, ಉಳಿದದ್ದೆಲ್ಲ ನೀರು. ಇವತ್ತು ಗೋದಾಮು, ರೈಲು ಹಳಿ, ನೌಕಾನೆಲೆ, ಬಂದರು ನೌಕರರ ಕ್ವಾರ್ಟರ್ಸ್ ನಿಂತಿರುವ ಮುನ್ನೂರು ಹೆಕ್ಟೇರಿಗೂ ಹೆಚ್ಚಿನ ನೆಲ ಹಿನ್ನೀರಿನ ತಳದಿಂದ ಎತ್ತಿ ಹಾಕಿದ ಹೂಳು.

ಅಷ್ಟೊಂದು ಹೂಳು ಎತ್ತಬೇಕಾಗಿ ಬಂದದ್ದು ಕೊಚ್ಚಿಯ ಅಳಿವೆಯ ಕಾಟದಿಂದ. 1341ರ ಪೆರಿಯಾರ್ ಪ್ರವಾಹ ಕೊಡುಂಗಲ್ಲೂರಿನ ಹಳೆಯ ಬಂದರನ್ನು ಹಾಳುಮಾಡಿ, ಕೊಚ್ಚಿಯ ಬಾಯನ್ನು ತೆರೆಯಿತು ಎಂಬುದು ಇತಿಹಾಸಕಾರರ ಸಾಮಾನ್ಯ ಎಣಿಕೆ. ಆದರೆ ಆ ಬಾಯಿಗೆ ಅಡ್ಡಲಾಗಿ ಕಲ್ಲಿನಂತೆ ಗಟ್ಟಿಯಾದ ಮರಳು ದಿಬ್ಬವೊಂದು ಕೂತಿತ್ತು. ದೊಡ್ಡ ಹಡಗುಗಳು ಹೊರಗಿನ ಕಡಲಲ್ಲೇ ಲಂಗರು ಹಾಕಬೇಕು, ಮೆಣಸು, ತೆಂಗಿನ ನಾರು, ಚಹಾ ಎಲ್ಲವನ್ನೂ ಸಣ್ಣ ದೋಣಿಗಳಲ್ಲಿ ಸಾಗಿಸಬೇಕು. ಮಳೆಗಾಲ ಬಂತೆಂದರೆ ಅದೂ ಕಷ್ಟ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಪಶ್ಚಿಮ ಕರಾವಳಿಯ ವ್ಯಾಪಾರಿಗಳು ಒಳ್ಳೆಯ ಬಂದರಿಗಾಗಿ ಹಟ ಹಿಡಿದದ್ದು ಸಹಜ.

ತೊಡಕು ಮರಳಿನದಷ್ಟೇ ಆಗಿರಲಿಲ್ಲ. ಫೋರ್ಟ್ ಕೊಚ್ಚಿ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ ಬ್ರಿಟಿಷ್ ನೆಲ. ಮಟ್ಟಾಂಚೇರಿ, ಎರ್ನಾಕುಲಂ ಕೊಚ್ಚಿ ಮಹಾರಾಜರದು. ದಕ್ಷಿಣಕ್ಕೆ ಹೋದರೆ ತಿರುವಿತಾಂಕೂರು ಸಂಸ್ಥಾನ. ಅದಕ್ಕೆ ಆಲಪ್ಪುಳದಲ್ಲಿ ತನ್ನದೇ ಬಂದರು. ಹೀಗಾಗಿ ಅಳಿವೆಯನ್ನು ಅಗೆಯುವುದೆಂದರೆ ಮೂರು ಖಜಾನೆಗಳ ನಡುವೆ ಖರ್ಚು, ಸುಂಕ, ಹಕ್ಕು ಎಲ್ಲವನ್ನೂ ಹಂಚಬೇಕಾದ ವ್ಯವಹಾರ. ಇಲ್ಲಿ ಸಂಸ್ಥಾನಗಳೂ ಮೇಜಿನ ಎದುರು ಕೂತು ಚೌಕಾಸಿ ಮಾಡಿದವು. ದೆಹಲಿಯ ಸರ್ಕಾರವೂ ಸೇರಿಕೊಂಡಿತು. ಬಂದರಿನ ಸುಂಕದ ಪಾಲು ಯಾರಿಗೆ ಎಷ್ಟು ಎಂಬ ವಾದ, ಹೂಳೆತ್ತುವ ಯಂತ್ರದ ಗದ್ದಲಕ್ಕಿಂತ ಹೆಚ್ಚು ಕಾಲ ನಡೆಯಿತೆಂದರೆ ಆಶ್ಚರ್ಯವಿಲ್ಲ.

ಆ ಯಂತ್ರದ ಹಿಂದೆ ನಿಂತವರು ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ. ಮದ್ರಾಸಿನ ಗವರ್ನರ್ ಆಗಿದ್ದ ಲಾರ್ಡ್ ವಿಲ್ಲಿಂಗ್ಡನ್ 1920ರಲ್ಲಿ ಅವರನ್ನು ಕೊಚ್ಚಿಗೆ ಕಳುಹಿಸಿದರು. ಬ್ರಿಸ್ಟೋಗೆ ಆಗ ನಲವತ್ತರ ಆಸುಪಾಸು. ಬಂದವರೇ ಅಗೆಯಲು ಶುರುಮಾಡದೆ ಅವರು ಅಲೆ, ಉಬ್ಬರವಿಳಿತ, ಮಳೆಗಾಲದ ಸೆಳೆತಗಳನ್ನು ಗಮನಿಸಿದರು. ದಿಬ್ಬ ಕಡಿದರೆ ಪಕ್ಕದ ವೈಪಿನ್ ದ್ವೀಪದ ತೀರ ಕೊಚ್ಚಿಹೋದೀತು ಎಂಬ ಆತಂಕ ಎಲ್ಲರದು. ಗ್ರಾನೈಟ್ ಬಂಡೆಗಳ ಅಡ್ಡಗೋಡೆ ಕಟ್ಟಿ ತೀರ ಕಾಯಬಹುದೆಂದು ಅವರು ತೋರಿಸಿದರು.

1926ರ ಮೇನಲ್ಲಿ 'ಲಾರ್ಡ್ ವಿಲ್ಲಿಂಗ್ಡನ್' ಎಂಬ ಹೂಳೆತ್ತುವ ಹಡಗು ಕೊಚ್ಚಿಗೆ ಬಂತು. ದಿನಕ್ಕೆ ಇಪ್ಪತ್ತು ಗಂಟೆಯಂತೆ ಎರಡು ವರ್ಷ ಅದನ್ನು ದುಡಿಸುವ ಲೆಕ್ಕ ಹಾಕಲಾಗಿತ್ತು. ಅದು ತಳದ ಹೂಳನ್ನು ಎತ್ತುತ್ತ ಹೋದಂತೆ ಒಂದು ಕಡೆ ಹಡಗಿಗೆ ದಾರಿಯಾಯಿತು, ಇನ್ನೊಂದು ಕಡೆ ನೀರಿದ್ದಲ್ಲಿ ನೆಲ ಎದ್ದಿತು. ಕೆಸರು ಎಲ್ಲಿಗೆ ಎಸೆಯುವುದು ಎಂಬ ತಲೆನೋವನ್ನೇ ಆಸ್ತಿ ಮಾಡಿಕೊಂಡ ಜಾಣತನ ಇದು. 1928ರ ಮೇನಲ್ಲಿ ಎಸ್.ಎಸ್. ಪದ್ಮಾ ಎಂಬ ಹಡಗು ಹೊರಗಿನ ಕಡಲು ಬಿಟ್ಟು ಒಳ ಬಂದರಿಗೆ ಬಂತು. 1936ರಲ್ಲಿ ಕೊಚ್ಚಿ ಪ್ರಮುಖ ಬಂದರೆಂದು ಘೋಷಣೆಯಾಯಿತು. ಆ ಹೊತ್ತಿಗೆ ವೈಸ್‌ರಾಯ್ ಪದವಿ ಮುಗಿಸುತ್ತಿದ್ದ ವಿಲ್ಲಿಂಗ್ಡನ್ ಹೆಸರು ಹಡಗಿನಿಂದ ದ್ವೀಪಕ್ಕೂ ಅಂಟಿಕೊಂಡಿತು. ದುಡಿದ ಎಂಜಿನಿಯರ್ ಬ್ರಿಸ್ಟೋ ಅವರ ಹೆಸರು ದ್ವೀಪಕ್ಕೆ ಬರಲಿಲ್ಲ. ಅವರು 1941ರಲ್ಲಿ ಕೊಚ್ಚಿ ಬಿಟ್ಟು, 1959ರಲ್ಲಿ 'ಕೊಚಿನ್ ಸಾಗಾ' ಎಂಬ ನೆನಪಿನ ಪುಸ್ತಕ ಬರೆದರು.

ನೆಲ ಎದ್ದ ಮೇಲೆ ಅದರ ಮೇಲೆ ಏನು ಕಟ್ಟಬೇಕೆಂಬ ಪ್ರಶ್ನೆ ಎದ್ದಿತು. ಧಕ್ಕೆ, ಕಸ್ಟಮ್ಸ್, ರೈಲು ನಿಲ್ದಾಣ, ತುದಿಯಲ್ಲಿ ಮಲಬಾರ್ ಹೋಟೆಲು, ಬಂದರು ನೌಕರರ ಮನೆಗಳು. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾನೆಲೆ ಬಂತು, ವಿಮಾನದ ಓಡುದಾರಿ ಬಂತು. 1999ರಲ್ಲಿ ನೆಡುಂಬಶ್ಶೇರಿ ವಿಮಾನ ನಿಲ್ದಾಣ ತೆರೆಯುವವರೆಗೆ ಕೊಚ್ಚಿಯ ನಾಗರಿಕ ವಿಮಾನಗಳೂ ಇಲ್ಲೇ ಇಳಿಯುತ್ತಿದ್ದವು. ಇಲ್ಲಿ ಮನೆಗಳು ಕೆಲಸದ ಬಾಲಂಗೋಚಿಗಳು. ನೌಕರಿಯಿದ್ದವನಿಗೆ ಸೂರು, ಸುತ್ತಲಿನ ದ್ವೀಪಗಳವನಿಗೆ ಎಂದಿನಂತೆ ದೋಣಿ. ಹೊಸ ನೆಲದ ಲೆಕ್ಕದಲ್ಲಿ ಆ ದ್ವೀಪವಾಸಿಗೆ ಯಾವ ಪಾಲೂ ಇರಲಿಲ್ಲ, ಆ ಕಾಲದ ಕರಾರುಗಳ ದೊಡ್ಡ ಕೊರತೆ ಅದೇ.

ಸ್ವಾತಂತ್ರ್ಯಾನಂತರ ಇದೇ ಕರಾವಳಿಗೆ ಹೊರದೇಶಗಳು ಬಂದದ್ದು ಬೇರೆ ವೇಷದಲ್ಲಿ. 1952ರ ಅಕ್ಟೋಬರಿನಲ್ಲಿ ಭಾರತ, ನಾರ್ವೆ, ವಿಶ್ವಸಂಸ್ಥೆಗಳ ನಡುವೆ ತ್ರಿಪಕ್ಷೀಯ ಒಪ್ಪಂದವಾಯಿತು. ಕೊಲ್ಲಂ ಹತ್ತಿರದ ನೀಂಡಕರ–ಶಕ್ತಿಕುಳಂಗರದ ಮೀನುಗಾರರ ಊರುಗಳಿಗೆ ಯಾಂತ್ರಿಕ ದೋಣಿ, ಐಸ್ ಕಾರ್ಖಾನೆ ಮಾತ್ರವಲ್ಲ, ಆರೋಗ್ಯ ಕೇಂದ್ರ, ನಲ್ಲಿ ನೀರೂ ಬಂದವು. ನಾರ್ವೆಯ ವಿದೇಶ ನೆರವಿನ ಮೊದಲ ಯೋಜನೆ ಇದು. 1963ರಲ್ಲಿ ಅದರ ಕೇಂದ್ರ ಕಚೇರಿ ಎರ್ನಾಕುಲಕ್ಕೆ ಬಂತು. ನಮ್ಮ ಕಾರವಾರವೂ ಅದರ ನಂಟಿಗೆ ಸೇರಿತು. ಊರಿನ ಬದುಕು ಸುಧಾರಿಸಲು ಬಂದ ಯೋಜನೆ ಕೊನೆಗೆ ಸಿಗಡಿ ರಫ್ತಿನತ್ತ ವಾಲಿದ್ದು ಬೇರೆ ಕಥೆ.

ಮನೆಯ ವಿಷಯದಲ್ಲಿ ಕೇರಳ ಹೊರಗಿನಿಂದ ಪಡೆದ ದೊಡ್ಡ ಉಡುಗೊರೆ ಹಣವಲ್ಲ, ಒಬ್ಬ ಮನುಷ್ಯ. ಇಂಗ್ಲೆಂಡಿನಿಂದ ಬಂದ ವಾಸ್ತುಶಿಲ್ಪಿ ಲಾರಿ ಬೇಕರ್ ತಿರುವನಂತಪುರದಲ್ಲಿ ನೆಲೆಸಿ, ಉಳ್ಳೂರಿನ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಆವರಣವನ್ನು ಕಟ್ಟಿದರು. ಅದರ ಸ್ಥಾಪಕ ಕೆ.ಎನ್. ರಾಜ್ ಅರ್ಥಶಾಸ್ತ್ರಜ್ಞರು, ಅಗ್ಗದ ಕಟ್ಟಡದ ಬೆಲೆ ಅವರಿಗೆ ಗೊತ್ತಿತ್ತು. ಬೇಕರ್ ಇಟ್ಟಿಗೆಯನ್ನು ಬದಿಯ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಎಬ್ಬಿಸುವ 'ರ್‍ಯಾಟ್ ಟ್ರ್ಯಾಪ್ ಬಾಂಡ್'ನಿಂದ ಸುಮಾರು ನಾಲ್ಕನೇ ಒಂದು ಭಾಗ ಇಟ್ಟಿಗೆ ಉಳಿಸಿದರು. ತಾರಸಿಯ ಕೆಳಗಿನ ಕಾಂಕ್ರೀಟು ಎಳೆತವನ್ನು ತಡೆಯಲಾರದು, ಕಬ್ಬಿಣವನ್ನು ಹಿಡಿದಿಟ್ಟುಕೊಂಡರೆ ಸಾಕು. ಹಾಗಿದ್ದ ಮೇಲೆ ಅಲ್ಲಿ ಹಳೆಯ ಮಂಗಳೂರು ಹೆಂಚು ತುಂಬಿದರಾಯಿತು! 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಸುಡಲು ಶುರುಮಾಡಿದ ಆ ಹೆಂಚಿಗೆ ಹೀಗೆ ಎರಡನೇ ಬಾಳು ಸಿಕ್ಕಿತು. 1992ರಲ್ಲಿ ವಿಶ್ವಸಂಸ್ಥೆಯ ಹ್ಯಾಬಿಟಾಟ್ ಗೌರವ ಬೇಕರ್ ಅವರಿಗೆ ಸಂದಿತು.

ಅಗ್ಗದ ಕಟ್ಟಡದ ಅದೇ ಗಾಳಿ ಕೊಲ್ಲಂನಲ್ಲೂ ಬೀಸಿತು: ದೇಶದ ಮೊದಲ ನಿರ್ಮಿತಿ ಕೇಂದ್ರ 1980ರ ದಶಕದ ನಡುವೆ ಅಲ್ಲಿ ಹುಟ್ಟಿತು. ಕರ್ನಾಟಕದ ಜಿಲ್ಲಾ ಕೇಂದ್ರಗಳಲ್ಲಿ ಈಗ ಕಾಣುವ ನಿರ್ಮಿತಿ ಕೇಂದ್ರದ ಫಲಕಗಳ ಮೂಲ ಅಲ್ಲಿದೆ.

ದ್ವೀಪವಾಸಿಯ ದೋಣಿಯ ಸರದಿ ಬಂದದ್ದು ತೀರಾ ಈಚೆಗೆ. ಕೊಚ್ಚಿ ಮೆಟ್ರೋ ರೈಲಿಗೆ ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ ಎಎಫ್‌ಡಿ 18 ಕೋಟಿ ಯೂರೋ ಸಾಲ ಕೊಟ್ಟರೆ, ದ್ವೀಪಗಳ ದೋಣಿ ಸೇವೆಯಾದ ವಾಟರ್ ಮೆಟ್ರೋಗೆ ಜರ್ಮನಿಯ ಅಭಿವೃದ್ಧಿ ಬ್ಯಾಂಕ್ ಕೆಎಫ್‌ಡಬ್ಲ್ಯು ಸುಮಾರು 8.5 ಕೋಟಿ ಯೂರೋ ಸಾಲ ಕೊಟ್ಟಿತು. ಹತ್ತು ದ್ವೀಪಗಳನ್ನು ಬೆಸೆಯುವುದು ಯೋಜನೆ. ಬ್ಯಾಟರಿ ದೋಣಿಗಳನ್ನು ಕಟ್ಟಿದ್ದು ಕೊಚ್ಚಿನ್ ಶಿಪ್‌ಯಾರ್ಡ್, ಅದು ಒಂದು ಕಾಲದಲ್ಲಿ ಜಪಾನಿನ ಮಿತ್ಸುಬಿಷಿಯ ತಾಂತ್ರಿಕ ನೆರವಿನಿಂದ ಎದ್ದ ಸಂಸ್ಥೆ. 2023ರ ಏಪ್ರಿಲ್‌ನಲ್ಲಿ ಮೊದಲ ದೋಣಿಗಳು ಹೊರಟವು. ಜೆಟ್ಟಿಯ ತೇಲುವೇದಿಕೆ ಉಬ್ಬರದೊಂದಿಗೆ ಏರಿ, ಇಳಿತದೊಂದಿಗೆ ಇಳಿಯುತ್ತದೆ. ಹೀಗಾಗಿ ಗಾಲಿಕುರ್ಚಿಯಲ್ಲಿ ಬಂದವರೂ ಮಟ್ಟಸವಾಗಿ ಒಳಗೆ ಹೋಗಬಹುದು. ಹಳೆಯ ದೋಣಿ ಕಟ್ಟೆಯಿಂದ ಸೀರೆ ಎತ್ತಿ ಹಿಡಿದು ಹಾರುತ್ತಿದ್ದವರಿಗೆ ಇದು ಸಣ್ಣ ಮಾತಲ್ಲ.

ಸಾಲ ಜರ್ಮನಿಯದಾದರೂ ವಾಟರ್ ಮೆಟ್ರೋ ಕಂಪನಿಯ ಒಡೆತನ ಇಲ್ಲಿಯದೇ: ಕೇರಳ ಸರ್ಕಾರದ್ದು ಶೇ. 74, ಕೊಚ್ಚಿ ಮೆಟ್ರೋದ್ದು ಶೇ. 26. ಈಗ ಮಂಗಳೂರಿನಲ್ಲೂ ನೇತ್ರಾವತಿ, ಗುರುಪುರ ನದಿಗಳಿಗೆ ಇಂಥದ್ದೇ ವಾಟರ್ ಮೆಟ್ರೋ ತರುವ ಪ್ರಸ್ತಾವ ಕರ್ನಾಟಕದ ಬಂದರು ಇಲಾಖೆಯ ಮುಂದಿದೆ. ನದಿ ದಾಟಿ ದಿನಗೂಲಿಗೆ ಹೋಗುವವರು ಆ ಟಿಕೆಟಿಗೆ ಎಷ್ಟು ಕೊಡಬೇಕಾದೀತು ಎಂಬುದನ್ನು ಮೊದಲು ಕೇಳಬೇಕು.